ಹೊದಿಕೆ ಯಾರ ಸ್ವತ್ತು?

ಯಂತ್ರೋಪಕರಣಗಳಿಗೆ ಲಕ್ಷಗಟ್ಟಲೆ ಹಣ ವಿನಿಯೋಗಿಸುವ ಉದ್ದಿಮೆದಾರರು ಸರಕಿನ ಹೊದಿಕೆಯ ವಿಷಯ ಬಂದಾಗ ಮುದ್ರಣಾಲಯದವರು ಮಾಡಿಕೊಟ್ಟ ವಿನ್ಯಾಸದಲ್ಲಿಯೇ ತೃಪ್ತರಾಗುವುದುಂಟು. ಈ ಉದಾಸೀನ ಎಷ್ಟು ದುಬಾರಿ ಎಂಬುದಕ್ಕೆ ಪಾಶ್ಚಾತ್ಯ ರಾಕ್ ಸಂಗೀತದ ಧ್ವನಿಮುದ್ರಿಕೆಗಳ ಇತಿಹಾಸದಲ್ಲಿ ಉತ್ತಮ ನಿದರ್ಶನಗಳಿವೆ.

ಒಂದು ಕಾಲಕ್ಕೆ ಅಮೆರಿಕದಲ್ಲಿ ಧ್ವನಿಮುದ್ರಿಕೆಗಳು ಬಹುಮಟ್ಟಿಗೆ ಸಾದಾ ಹೊದಿಕೆಗಳಲ್ಲಿ ಮಾರಾಟವಾಗುತ್ತಿದ್ದವು. 1940ರಲ್ಲಿ ಕೊಲಂಬಿಯಾ ಕಂಪೆನಿಯ ಅಲೆಕ್ಸ್ ಸ್ಟೈನ್‌ವೈಸ್ ಚಿತ್ರಿತ ಹೊದಿಕೆಯನ್ನು ಬಳಕೆಗೆ ತಂದರು. ಕೇಳಬೇಕಾದ ಸಂಗೀತವನ್ನು ಅಂಗಡಿಯ ಕಪಾಟಿನಲ್ಲಿ ತೋರಿಸಲಾಗದು. ಗ್ರಾಹಕನನ್ನು ಕರೆಯುವ ಹೊಣೆ ಹೊದಿಕೆಯದೇ ಆಯಿತು. 1973ರಲ್ಲಿ ಪಿಂಕ್ ಫ್ಲಾಯ್ಡ್ ತಂಡದ 'ದಿ ಡಾರ್ಕ್ ಸೈಡ್ ಆಫ್ ದಿ ಮೂನ್' ಹೊರಬಂದಾಗ ಅದರ ಮುಖಪುಟದಲ್ಲಿ ತಂಡದ ಹೆಸರಾಗಲಿ ಕೃತಿಯ ಹೆಸರಾಗಲಿ ಇರಲಿಲ್ಲ. ಕಪ್ಪು ಹಿನ್ನೆಲೆಯಲ್ಲಿ ಒಂದು ಪಟ್ಟಕ, ಅದರಿಂದ ಹೊಮ್ಮುವ ಬಣ್ಣಗಳು, ಇಷ್ಟೇ. ಹಿಪ್ನೋಸಿಸ್ ಸಂಸ್ಥೆಯ ಆ ವಿನ್ಯಾಸವನ್ನು ಜನ ಇಂದಿಗೂ ನೋಡಿದೊಡನೆ ಗುರುತಿಸುತ್ತಾರೆ.

ಆಕರ್ಷಣೆಯೊಂದೇ ಸಾಲದು. ರೋಲಿಂಗ್ ಸ್ಟೋನ್ಸ್ ತಂಡದ 1971ರ 'ಸ್ಟಿಕಿ ಫಿಂಗರ್ಸ್' ಹೊದಿಕೆಗೆ ಆಂಡಿ ವಾರ್ಹೋಲ್ ಅವರ ಕಲ್ಪನೆಯಂತೆ ನಿಜವಾದ ಜಿಪ್ ಅಳವಡಿಸಲಾಗಿತ್ತು. ಒಂದರ ಮೇಲೊಂದು ಪೇರಿಸಿ ಸಾಗಿಸುವಾಗ ಅದು ಒತ್ತಿ ಮುದ್ರಿಕೆಗಳೇ ಹಾಳಾದವು. ಜಿಪ್ಪನ್ನು ಕೆಳಕ್ಕೆ ಎಳೆದು, ಒತ್ತಡವು ನಡುವಿನ ಕಾಗದದ ಲೇಬಲ್ ಮೇಲೆ ಬೀಳುವಂತೆ ಮಾಡಿದ ಮೇಲೆ ತೊಂದರೆ ನೀಗಿತು. ಸರಕನ್ನು ಕಾಯಬೇಕಾದ ಹೊದಿಕೆಯೇ ಸರಕನ್ನು ಕೆಡಿಸಬಾರದು. ಆದ್ದರಿಂದ ಸಾಗಣೆಯ ಪರೀಕ್ಷೆ ಮೊದಲೇ ನಡೆಯಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಹಕ್ಕಿನ ಪ್ರಶ್ನೆ. ಬೀಟಲ್ಸ್ ತಂಡದ 1967ರ 'ಸಾರ್ಜೆಂಟ್ ಪೆಪ್ಪರ್' ಹೊದಿಕೆಯನ್ನು ಪೀಟರ್ ಬ್ಲೇಕ್ ಮತ್ತು ಜಾನ್ ಹಾವರ್ತ್ ರೂಪಿಸಿದರು. ಅದಕ್ಕೆ ಬ್ಲೇಕ್ ಪಡೆದದ್ದು ಕೇವಲ 200 ಪೌಂಡ್, ಮಾರಾಟದಲ್ಲಿ ಪಾಲಿರಲಿಲ್ಲ. ರೋಲಿಂಗ್ ಸ್ಟೋನ್ಸ್‌ನ ಪ್ರಸಿದ್ಧ ನಾಲಿಗೆ ಲಾಂಛನವನ್ನು 1970ರಲ್ಲಿ 50 ಪೌಂಡಿಗೆ ರಚಿಸಿದವರು ಜಾನ್ ಪಾಶ್ ಎಂಬ ವಿದ್ಯಾರ್ಥಿ. 1972ರಲ್ಲಿ ಅವರಿಗೆ ಇನ್ನೂ 200 ಪೌಂಡ್ ಸಂದಿತು. ಆದರೆ ಕೃತಿಸ್ವಾಮ್ಯ ಅವರಲ್ಲಿ ಉಳಿದಿತ್ತು. 1980ರ ದಶಕದಲ್ಲಿ ಅದನ್ನು ತಂಡಕ್ಕೆ ಮಾರಿದಾಗ ಬಂದದ್ದು 26,000 ಪೌಂಡ್. ಮೂಲ ಚಿತ್ರವನ್ನು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯ 2008ರಲ್ಲಿ 92,500 ಡಾಲರಿಗೆ ಕೊಂಡಿತು.

ಪಾಶ್ ಅವರ ಪಾಲಿಗೆ ಇದು ನ್ಯಾಯವೇ. ಉದ್ದಿಮೆದಾರರಿಗಾದರೋ ಇದು ಎಚ್ಚರಿಕೆ. ವಿನ್ಯಾಸಕಾರನ ಬಿಲ್ಲು ಪಾವತಿಸಿದ ಮಾತ್ರಕ್ಕೆ ಹಕ್ಕು ಎಲ್ಲ ಸಂದರ್ಭಗಳಲ್ಲಿಯೂ ಕೈಗೆ ಬರುವುದಿಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಹಕ್ಕಿನ ವರ್ಗಾವಣೆ ಲಿಖಿತವಾಗಿರಬೇಕು, ಸಹಿಯಾಗಿರಬೇಕು. ಅವಧಿ ನಮೂದಿಸದಿದ್ದಲ್ಲಿ 5 ವರ್ಷವೆಂದೂ, ಪ್ರದೇಶ ನಮೂದಿಸದಿದ್ದಲ್ಲಿ ಭಾರತಕ್ಕೆ ಮಾತ್ರವೆಂದೂ ಪರಿಗಣಿಸಲಾಗುತ್ತದೆ. ಅಗರಬತ್ತಿ, ಕಾಫಿಪುಡಿ, ಸಾಂಬಾರ ಪದಾರ್ಥಗಳನ್ನು ರಫ್ತು ಮಾಡುವವರಿಗೆ ಈ ಅಂಶ ಸಣ್ಣದಲ್ಲ.

ಸಣ್ಣ ಉದ್ದಿಮೆಗೆ ಇಂಥ ಖರ್ಚು ಹೊರೆಯೆಂಬ ಆಕ್ಷೇಪ ಸಹಜ. ಆದರೆ ಒಂದು ಪುಟದ ಕರಾರಿಗೆ ತಗಲುವ ವೆಚ್ಚ ಅಲ್ಪ. ವಿನ್ಯಾಸಕಾರನಿಗೆ ನ್ಯಾಯವಾದ ಸಂಭಾವನೆ ನೀಡಿ, ಹಕ್ಕು, ಅವಧಿ, ಪ್ರದೇಶಗಳನ್ನು ಆರಂಭದಲ್ಲಿಯೇ ಬರೆದಿಟ್ಟುಕೊಳ್ಳುವುದು ಇಬ್ಬರಿಗೂ ಕ್ಷೇಮ. ಸರಕು ಹೆಸರು ಗಳಿಸಿದ ಮೇಲೆ ನಡೆಸುವ ಚೌಕಾಸಿಯಲ್ಲಿ ಬೆಲೆ ಕಟ್ಟುವವನು ಉದ್ದಿಮೆದಾರನಾಗಿರುವುದಿಲ್ಲ.