ದೂರವೆಂಬ ದುರಂತ

ಆಧುನಿಕ ಜಗತ್ತಿನ ಅತಿ ದೊಡ್ಡ ದುರಂತ ಯಾವುದು ಎಂಬ ಪ್ರಶ್ನೆಗೆ ಉತ್ತರಗಳ ಬರವಿಲ್ಲ. ಯುದ್ಧ ಎನ್ನುವವರಿದ್ದಾರೆ, ಬಡತನ ಎನ್ನುವವರಿದ್ದಾರೆ, ಕರಗುತ್ತಿರುವ ಕಾಡು, ಕೆಡುತ್ತಿರುವ ಹವಾಮಾನ ಎನ್ನುವವರೂ ಇದ್ದಾರೆ. ಎಲ್ಲವೂ ನಿಜವೇ. ಆದರೆ ಇವೆಲ್ಲದರ ಬೆನ್ನಿಗೆ, ಅಷ್ಟಾಗಿ ಚರ್ಚೆಗೆ ಬಾರದ ಇನ್ನೊಂದು ದುರಂತವಿದೆ. ಅದು ಅನುಭವಿಸುವವನಿಗೂ ಅದರ ಬೆಲೆ ತೆರುವವನಿಗೂ ನಡುವೆ ಬೆಳೆದು ನಿಂತಿರುವ ದೂರ. ಸುಖ ಒಂದೂರಿನಲ್ಲಿ, ಅದರ ಸಂಕಟ ಇನ್ನೊಂದೂರಿನಲ್ಲಿ. ಈ ಇಬ್ಬರೂ ಪರಸ್ಪರರ ಮುಖ ನೋಡುವ ಸಂದರ್ಭವೇ ಒದಗದಂತೆ ಇಂದಿನ ವ್ಯವಸ್ಥೆ ರೂಪುಗೊಂಡಿದೆ.

ಮಲೆನಾಡಿಗರು ಇದನ್ನು ಪುಸ್ತಕದಿಂದ ಕಲಿಯಬೇಕಾಗಿಲ್ಲ. ಶರಾವತಿ ಕಣಿವೆಯೇ ಇದಕ್ಕೆ ಪಾಠಶಾಲೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು, ಸಾಗರ ಹಾಗೂ ಹೊಸನಗರ ತಾಲ್ಲೂಕುಗಳ ಗದ್ದೆ, ತೋಟ, ಕಾಡು, ಗುಡಿಗಳು ನೀರಿನಡಿ ಸೇರಿದವು. ಅದಕ್ಕೂ ಹಿಂದೆ ಇದೇ ನದಿಗೆ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೂ ಮುಳುಗಿತು. ಹಿನ್ನೀರು ತೀರ ಇಳಿದ ವರ್ಷಗಳಲ್ಲಿ ಅದು ಇಂದಿಗೂ ತಲೆ ಎತ್ತಿ ನಿಲ್ಲುತ್ತದೆ. 1035 ಮೆಗಾವ್ಯಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರ ನಾಡಿನ ಮನೆಗಳನ್ನು ಬೆಳಗಿತು, ಕಾರ್ಖಾನೆಗಳನ್ನು ನಡೆಸಿತು. ಊರು ಬಿಟ್ಟವರಿಗಾದರೋ ಬೇರೆಡೆ ಕಾಡಿನಲ್ಲಿ ನೆಲೆ ತೋರಿಸಲಾಯಿತು. ಬಹಳಷ್ಟು ಕುಟುಂಬಗಳಿಗೆ ಆ ನೆಲದ ಸರಿಯಾದ ದಾಖಲೆ ಮಾತ್ರ ಒದಗಲಿಲ್ಲ. ಹಕ್ಕುಪತ್ರಕ್ಕಾಗಿ ಅಲೆದ ತಂದೆಯ ಜಾಗಕ್ಕೆ ಮಗ, ಮಗನ ಜಾಗಕ್ಕೆ ಮೊಮ್ಮಗ ಬಂದರು. ನಾಡಿಗಾಗಿ ಮನೆಮಠ ತೊರೆದವರೇ ಕಾನೂನಿನ ಕಣ್ಣಿಗೆ ಅರಣ್ಯ ಒತ್ತುವರಿದಾರರಂತೆ ಕಾಣುವ ಸ್ಥಿತಿ ಉಂಟಾಯಿತು. ಹಿನ್ನೀರಿನ ಆಚೆ ಉಳಿದ ತುಮರಿ ಭಾಗದ ಜನ ಲಾಂಚಿನ ದಾರಿ ಕಾಯುತ್ತ ಕಾಲ ಕಳೆದರು. ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಸಂಚಾರಕ್ಕೆ ತೆರೆದದ್ದು 2025ರ ಜುಲೈನಲ್ಲಿ; ಅಣೆಕಟ್ಟು ಮುಗಿದ ಅರವತ್ತೊಂದು ವರ್ಷಗಳ ಬಳಿಕ.

ಹಾಗೆಂದು ಬೆಂಗಳೂರಿನಲ್ಲಿ ದೀಪ ಹಾಕುವವನು ಕ್ರೂರಿಯಲ್ಲ. ಮುಳುಗಿದ ಊರಿನ ವೃದ್ಧೆಯೊಬ್ಬಳು ಅವನ ನೆರೆಮನೆಯಲ್ಲಿದ್ದರೆ ಅವನು ಖಂಡಿತ ಮರುಗುತ್ತಿದ್ದ. ಆದರೆ ಅವನಿಗೆ ಕಾಣುವುದು ಗೋಡೆಯ ಮೇಲಿನ ಸ್ವಿಚ್ಚು ಮತ್ತು ತಿಂಗಳ ಕೊನೆಯ ಬಿಲ್ಲು ಮಾತ್ರ. ಆ ಬಿಲ್ಲಿನಲ್ಲಿ ಯೂನಿಟ್ಟಿನ ದರವಿರುತ್ತದೆ, ಊರಿನ ಹೆಸರಿರುವುದಿಲ್ಲ. ಯಾರೂ ಕೆಟ್ಟವರಾಗದೆಯೇ ಕೇಡು ನಡೆದುಹೋಗುವುದು ಇಂದಿನ ಕಾಲದ ವೈಶಿಷ್ಟ್ಯ. ದೂಷಿಸಲು ದುಷ್ಟನೊಬ್ಬನಾದರೂ ಇದ್ದರೆ ಎದುರಿಸಬಹುದಿತ್ತು. ದೂರವನ್ನು ಎದುರಿಸುವುದು ಕಠಿಣ.

ಕುದುರೆಮುಖದಲ್ಲಿ ಆದದ್ದೂ ಇದೇ. ಅಲ್ಲಿ ಬೆಟ್ಟವನ್ನು ಬಗೆದು, ಅದಿರನ್ನು ಪುಡಿಮಾಡಿ, ನೀರಿನೊಡನೆ ಬೆರೆಸಿ ಸುಮಾರು 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಮಂಗಳೂರಿಗೆ ಹರಿಸಲಾಯಿತು. ಅಲ್ಲಿಂದ ಅದು ಹಡಗೇರಿ ಪರದೇಶಗಳಿಗೆ ಹೋಯಿತು. ಕೊಂಡವರಾರೂ ಕೆಂಪಾಗಿ ಹರಿದ ಭದ್ರೆಯನ್ನು ಕಂಡವರಲ್ಲ. ಪರಿಸರ ಹೋರಾಟಗಾರರ ಪಟ್ಟು ಹಾಗೂ ಸರ್ವೋಚ್ಚ ನ್ಯಾಯಾಲಯದ 2002ರ ಆದೇಶದಿಂದ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಉಕ್ಕು ಎಲ್ಲೆಲ್ಲಿಗೋ ಸೇರಿತು. ತ್ಯಾಜ್ಯದ ಹೂಳು ಮಾತ್ರ ಲಕ್ಯಾ ಅಣೆಕಟ್ಟಿನ ಹಿಂದೆ ಇಲ್ಲಿಯೇ ಉಳಿದಿದೆ.

ಶರಾವತಿ ಕಣಿವೆಯಲ್ಲಿ 2000 ಮೆಗಾವ್ಯಾಟ್ ಸಾಮರ್ಥ್ಯದ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾಪ ಬಂದಾಗಲೂ ಇದೇ ಪ್ರಶ್ನೆ ಎದ್ದಿತು. ಕೆಳಗಿನ ನೀರನ್ನು ಮೇಲೆತ್ತಲು ಬೇಕಾಗುವ ವಿದ್ಯುತ್ತು ಅದು ಮರಳಿ ಕೊಡುವುದಕ್ಕಿಂತ ಹೆಚ್ಚು. ಆದರೂ ಬೇಡಿಕೆ ಹೆಚ್ಚಿರುವ ಹೊತ್ತಿಗೆ ಒದಗುತ್ತದೆಂಬುದು ಅದರ ಸಮರ್ಥನೆ. ನಗರದ ಸಂಜೆಯ ಬೇಡಿಕೆ ಮೆಗಾವ್ಯಾಟುಗಳ ಲೆಕ್ಕಕ್ಕೆ ಸಿಗುತ್ತದೆ. ಸಿಂಗಳೀಕವೊಂದು ನೆಲಕ್ಕಿಳಿಯದೆ ಮರದಿಂದ ಮರಕ್ಕೆ ಸಾಗುವ ದಾರಿಯ ಬೆಲೆಯನ್ನು ಯಾವ ಲೆಕ್ಕದಲ್ಲಿ ಹಿಡಿಯುವುದು?

ಇಷ್ಟೆಲ್ಲ ಹೇಳುವಾಗ ಮಲೆನಾಡು ತನ್ನನ್ನು ತಾನು ಹೊರಗಿಟ್ಟುಕೊಳ್ಳುವಂತಿಲ್ಲ. ಹಳ್ಳಿಯ ಯುವಕನ ಕೈಯಲ್ಲಿರುವ ಮೊಬೈಲಿನ ಬ್ಯಾಟರಿಗೆ ಬೇಕಾದ ಕೋಬಾಲ್ಟಿನ ಬಹುಪಾಲು ಬರುವುದು ಆಫ್ರಿಕದ ಕಾಂಗೋ ದೇಶದ ಗಣಿಗಳಿಂದ. ಅಲ್ಲಿ ಮಣ್ಣು ಬಗೆಯುವವರಲ್ಲಿ ಮಕ್ಕಳೂ ಇದ್ದಾರೆ. ಅಂಗಡಿಯ ಪ್ಲಾಸ್ಟಿಕ್ಕನ್ನು ಹಳ್ಳಕ್ಕೆಸೆದವನ ಕಣ್ಣಿಗೆ ಕೆಳಗಿನ ಊರು ಕಾಣುವುದಿಲ್ಲ. ಒಬ್ಬರಿಗೆ ಮೇಲಿನವರು ಇನ್ನೊಬ್ಬರಿಗೆ ಕೆಳಗಿನವರು, ಹೊಳೆ ಒಂದೇ.

ದೂರವನ್ನು ಅಳಿಸಲು ಸಾಧ್ಯವೆಂಬುದಕ್ಕೂ ಈ ನೆಲದಲ್ಲೇ ನಿದರ್ಶನವಿದೆ. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಕಾಡಿಗೆ ನಡೆದುಹೋಗಿ ಮರಗಳನ್ನು ಅಪ್ಪಿ ನಿಂತರು. ಮರ ಎಂಬುದು ಕಡತದ ಒಂದು ಸಂಖ್ಯೆಯಾಗಿದ್ದ ಕಾಲದಲ್ಲಿ, ಕೊಡಲಿಗೂ ಮರಕ್ಕೂ ನಡುವೆ ಮನುಷ್ಯರು ಬಂದು ನಿಂತರು. ಅಪ್ಪಿಕೋ ಚಳವಳಿಯ ಶಕ್ತಿ ಘೋಷಣೆಗಳಲ್ಲಿರಲಿಲ್ಲ, ಆ ಸಾಮೀಪ್ಯದಲ್ಲಿತ್ತು.

ಇಂದು ಪ್ರತಿ ಮರವನ್ನೂ ಅಪ್ಪಲಾಗದು. ಪ್ರತಿ ವಸ್ತುವಿನ ಮೂಲವನ್ನು ಕೇಳಬಹುದು. ಇದು ಎಲ್ಲಿಂದ ಬಂತು, ಇದಕ್ಕಾಗಿ ಯಾರು ಏನನ್ನು ಕಳೆದುಕೊಂಡರು, ಬಳಸಿದ ಮೇಲೆ ಇದು ಎಲ್ಲಿಗೆ ಹೋಗುತ್ತದೆ ಎಂಬ ಮೂರು ಪ್ರಶ್ನೆಗಳು ಗ್ರಾಮಸಭೆಯಲ್ಲೂ ತರಗತಿಯಲ್ಲೂ ಕೇಳಿಬರಬೇಕು. ವಿದ್ಯಾರ್ಥಿಗಳ ಪಾಲಿಗೆ ಇನ್ನೂ ಒಂದು ಕೆಲಸವಿದೆ. ಶರಾವತಿಯ ನೀರೇರಿದಾಗ ಹತ್ತು ವರ್ಷದವರಾಗಿದ್ದ ಮಕ್ಕಳು ಇಂದು ಎಪ್ಪತ್ತು ದಾಟಿದ್ದಾರೆ. ಮುಳುಗಿದ ಮನೆಯ ಬಾಗಿಲು ಯಾವ ದಿಕ್ಕಿಗಿತ್ತು, ಕೆರೆಯ ಹೆಸರೇನಿತ್ತು, ಗಾಡಿಯಲ್ಲಿ ಏನೇನು ಹೇರಿಕೊಂಡು ಹೊರಟರು ಎಂಬುದನ್ನು ಹೇಳಬಲ್ಲವರು ಅವರು. ನೋಟುಪುಸ್ತಕ ಹಿಡಿದು ಅವರ ಜಗಲಿಯಲ್ಲಿ ಕೂರುವ ಕೆಲಸವನ್ನು ಈ ಬೇಸಿಗೆ ರಜೆಯಲ್ಲಿಯೇ ಮಾಡಬೇಕು. ಮುಂದಿನ ಬೇಸಿಗೆಗೆ ಜಗಲಿ ಇದ್ದೀತು, ಹೇಳುವವರು ಇರಲಾರರು.