ಹಿಡಿದವರ ಹೆಸರು ಎಲ್ಲಿ ಬರೆದಿದೆ?

ಮನುಷ್ಯನೊಬ್ಬನನ್ನು ಪೊಲೀಸರು ಹಿಡಿದುಕೊಂಡು ಹೋದರೆ ಮನೆಯವರು ಕೇಳುವ ಮೊದಲ ಪ್ರಶ್ನೆ ಒಂದೇ: ಎಲ್ಲಿದ್ದಾನೆ? ವಕೀಲ, ಜಾಮೀನು ಎಲ್ಲ ಆಮೇಲಿನ ಮಾತು. ಈ ಠಾಣೆಯಲ್ಲಿ ಕೇಳಿದರೆ ಆ ಠಾಣೆ ಎನ್ನುತ್ತಾರೆ, ಆ ಠಾಣೆಯಲ್ಲಿ ಸಾಹೇಬರು ಇಲ್ಲ ಎನ್ನುತ್ತಾರೆ. ರಾತ್ರಿ ಪಾಳಿಗೆ ಹೊರಟ ಮಗನ ಸುದ್ದಿ ತಿಳಿಯದೆ ಠಾಣೆಯ ಕಟ್ಟೆಯ ಮೇಲೆ ಬೆಳಗು ಮಾಡುವ ತಾಯಂದಿರು ನಮ್ಮ ಓದುಗರಿಗೆ ಹೊಸಬರಲ್ಲ.

ಈ ಪ್ರಶ್ನೆಗೆ ಅಮೆರಿಕದ ಕೌಂಟಿಗಳಲ್ಲಿ ಉತ್ತರ ಸಿಗುವ ಬಗೆಯನ್ನು ಈ ವಾರ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇವೆ. ಅಮೆರಿಕವನ್ನು ಹೊಗಳುವ ಚಟ ಈ ಪತ್ರಿಕೆಗೆ ಇಲ್ಲ. ಆದರೆ ಒಳ್ಳೆಯ ರಿಜಿಸ್ಟರು ಯಾರ ಮೇಜಿನ ಮೇಲಿದ್ದರೂ ತೆರೆದು ನೋಡಬೇಕು. ಅದರೊಳಗಿನ ಕೊಳಕನ್ನೂ ನೋಡಬೇಕು.

ಕೌಂಟಿ ಎಂದರೆ ಅಲ್ಲಿಯ ರಾಜ್ಯಗಳೊಳಗಿನ ಜಿಲ್ಲೆ. ಇಡೀ ದೇಶದಲ್ಲಿ ಅಂಥವು 3,000ಕ್ಕೂ ಮಿಕ್ಕಿ ಇವೆ. ಲಾಸ್ ಏಂಜಲೀಸ್ ಕೌಂಟಿಯಲ್ಲಿ ಕೋಟಿಯ ಹತ್ತಿರ ಜನ; ಟೆಕ್ಸಾಸಿನ ಲವಿಂಗ್ ಕೌಂಟಿಯಲ್ಲಿ 2020ರ ಜನಗಣತಿಗೆ ಸಿಕ್ಕಿದವರು 64 ಮಂದಿ. ಬಹುತೇಕ ಕೌಂಟಿಗಳಲ್ಲಿ ಶೆರಿಫ್ ಎಂಬ ಅಧಿಕಾರಿಯನ್ನು ಜನರೇ ಓಟು ಹಾಕಿ ಆರಿಸುತ್ತಾರೆ. ಕೌಂಟಿಯ ಜೈಲು ಸಾಮಾನ್ಯವಾಗಿ ಅವನ ಸುಪರ್ದಿನಲ್ಲಿರುತ್ತದೆ. ವಿಚಾರಣೆಗೆ ಕಾದವರೂ ಒಂದು ವರ್ಷದೊಳಗಿನ ಸಣ್ಣ ಶಿಕ್ಷೆಯವರೂ ಅಲ್ಲಿರುತ್ತಾರೆ. ದೊಡ್ಡ ಶಿಕ್ಷೆಯಾದವರನ್ನು ರಾಜ್ಯದ ಸೆರೆಮನೆಗೆ ಸಾಗಿಸುತ್ತಾರೆ.

ದಸ್ತಗಿರಿಯಾದವನನ್ನು ಜೈಲಿನ ಬಾಗಿಲಿಗೆ ತಂದೊಡನೆ ನಡೆಯುವ ಕೆಲಸಕ್ಕೆ ಬುಕಿಂಗ್ ಎಂದು ಹೆಸರು. ಅಂಗಡಿಕಾರರಿಗೆ ಕೂಡಲೇ ತಿಳಿಯುವ ಮಾತಿನಲ್ಲಿ ಹೇಳುವುದಾದರೆ ಇದು ಕಿರ್ದಿ ಬರೆಯುವುದು. ಹೆಸರು, ವಯಸ್ಸು, ಹಿಡಿದವರು ಯಾರು, ಯಾವ ವೇಳೆ, ಯಾವ ಆರೋಪ, ಜೇಬಿನಲ್ಲಿ ಏನಿತ್ತು ಎಲ್ಲವನ್ನೂ ಬರೆದು, ಬೆರಳಚ್ಚು ತೆಗೆದುಕೊಂಡು, ಫೋಟೊ ಹಿಡಿದು, ಒಂದು ನಂಬರು ಕೊಡುತ್ತಾರೆ. ಈ ಕಿರ್ದಿಯ ಬಹುಭಾಗ ಸಾರ್ವಜನಿಕರದು ಎಂಬುದು ಅಲ್ಲಿಯ ಪದ್ಧತಿ. ಕ್ಯಾಲಿಫೋರ್ನಿಯದ ಕಾನೂನಿನಂತೆ ದಸ್ತಗಿರಿಯಾದವನ ಹೆಸರು, ಕಸಬು, ಚಹರೆ, ಹಿಡಿದ ಸ್ಥಳ ಮತ್ತು ವೇಳೆ, ಬುಕಿಂಗ್ ಆದ ವೇಳೆ, ಇಟ್ಟಿರುವ ಜಾಗ, ಜಾಮೀನಿನ ಮೊತ್ತ, ಹೊರಿಸಿದ ಆರೋಪ ಇಷ್ಟನ್ನೂ ಕೇಳಿದವರಿಗೆ ಹೇಳಬೇಕು. ತನಿಖೆಗೋ ಯಾರದಾದರೂ ಪ್ರಾಣಕ್ಕೋ ಅಪಾಯವೆಂದಾಗ ಮಾತ್ರ ತಡೆಹಿಡಿಯಬಹುದು. ಎಲ್ಲ ರಾಜ್ಯಗಳ ಕಾನೂನೂ ಒಂದೇ ಅಲ್ಲ. ಫ್ಲಾರಿಡದಂಥ ಕಡೆ ಬಾಗಿಲು ಅಗಲ, ಬೇರೆ ಕಡೆ ಕಿರಿದು.

ಹುಡುಕುವವರು ಮೊದಲು ಹಿಡಿದದ್ದು ಯಾವ ಕೌಂಟಿಯಲ್ಲಿ ಎಂಬುದನ್ನು ಗೊತ್ತುಮಾಡಿಕೊಳ್ಳಬೇಕು, ಏಕೆಂದರೆ ಪ್ರತಿ ಶೆರಿಫನ ಪಟ್ಟಿಯೂ ಬೇರೆ. ಅನೇಕ ಕೌಂಟಿಗಳು ಜೈಲಿನಲ್ಲಿರುವವರ ಪಟ್ಟಿಯನ್ನು ಅಂತರ್ಜಾಲದಲ್ಲಿ ಹಾಕುತ್ತವೆ. ಇಲ್ಲವಾದರೆ ಜೈಲಿಗೆ ಫೋನು ಮಾಡಬಹುದು. ಬುಕಿಂಗ್ ಮುಗಿಯಲು ಗಂಟೆಗಟ್ಟಲೆ ಹಿಡಿಯುವುದುಂಟು, ಆದ್ದರಿಂದ ಹೆಸರು ಕಾಣದಿದ್ದರೆ ಮತ್ತೊಮ್ಮೆ ನೋಡಬೇಕು. ಬಿಡುಗಡೆಯಾದವನ ಹೆಸರು ಪಟ್ಟಿಯಿಂದ ಬಿದ್ದುಹೋಗುತ್ತದೆ. ಆಮೇಲೆ ಮೊಕದ್ದಮೆ ಏನಾಯಿತೆಂದು ತಿಳಿಯಲು ನ್ಯಾಯಾಲಯದ ಗುಮಾಸ್ತನ ದಾಖಲೆಯನ್ನೇ ನೋಡಬೇಕು. ಜೈಲಿನ ಪಟ್ಟಿ ದಸ್ತಗಿರಿಯನ್ನು ಹೇಳುತ್ತದೆ, ತೀರ್ಪನ್ನು ಹೇಳುವುದಿಲ್ಲ. ಇದನ್ನು ಮರೆತದ್ದರಿಂದಲೇ ಮುಂದೆ ಹೇಳಲಿರುವ ಅನಾಹುತ ಆಗಿರುವುದು.

ಅದಕ್ಕೆ ಮೊದಲು ಈ ಕಿರ್ದಿಯ ಬೆಲೆಯೇನೆಂಬುದಕ್ಕೆ ಒಂದು ಪ್ರಕರಣ. 2015ರ ಜುಲೈ 10ರಂದು ಟೆಕ್ಸಾಸಿನ ವಾಲರ್ ಕೌಂಟಿಯಲ್ಲಿ ಸಾಂಡ್ರಾ ಬ್ಲಾಂಡ್ ಎಂಬ 28 ವರ್ಷದ ನೀಗ್ರೋ ಜನಾಂಗದ, ಈಗ ಕಪ್ಪು ಜನರೆಂದು ತಮ್ಮನ್ನು ಕರೆದುಕೊಳ್ಳುವವರ, ಹೆಣ್ಣುಮಗಳ ಕಾರನ್ನು ಪೊಲೀಸಿನವನು ತಡೆದ. ರಸ್ತೆಯಲ್ಲಿ ಸಾಲು ಬದಲಿಸುವಾಗ ಸೂಚನೆಯ ದೀಪ ಹಾಕಲಿಲ್ಲವೆಂಬುದು ತಪ್ಪು. ಮಾತಿಗೆ ಮಾತು ಬೆಳೆದು ದಸ್ತಗಿರಿಯಾಯಿತು. ಜಾಮೀನು 5,000 ಡಾಲರ್. ಹೊರಗೆ ಬರಲು 500 ಡಾಲರ್ ಕಟ್ಟಿದರೆ ಸಾಕಿತ್ತು. ಮೂರು ದಿನದ ಮೇಲೆ, ಜುಲೈ 13ರಂದು, ಕೌಂಟಿಯ ಜೈಲಿನಲ್ಲಿ ಆಕೆ ನೇಣಿನಲ್ಲಿ ಸತ್ತಿದ್ದಳು. ಆಕೆಯನ್ನು ಒಳಗೆ ಸೇರಿಸಿಕೊಂಡಾಗ ತುಂಬಿದ ಕಾಗದಗಳು ಹೊರಗೆ ಬಂದವು. ಹಿಂದೆ ಆತ್ಮಹತ್ಯೆಗೆ ಯತ್ನಿಸಿದ್ದ ಸಂಗತಿ ಅವುಗಳಲ್ಲೇ ಬರೆದಿತ್ತು. ಗಂಟೆಗೊಮ್ಮೆ ಎದುರಿಗೆ ಹೋಗಿ ನೋಡಬೇಕೆಂಬ ನಿಯಮವನ್ನು ಜೈಲು ಪಾಲಿಸಿರಲಿಲ್ಲವೆಂದು ರಾಜ್ಯದ ಜೈಲು ಆಯೋಗ ದೋಷ ಹಿಡಿಯಿತು. ಮರುವರ್ಷ 19 ಲಕ್ಷ ಡಾಲರ್ ಪರಿಹಾರಕ್ಕೆ ರಾಜಿಯಾಯಿತು, 2017ರಲ್ಲಿ ಆಕೆಯ ಹೆಸರಿನಲ್ಲೇ ಟೆಕ್ಸಾಸಿನಲ್ಲಿ ಕಾನೂನು ಬಂತು. ಸತ್ತವಳು ಮರಳಿ ಬರಲಿಲ್ಲ. ಆದರೆ ಆರೋಪ, ವೇಳೆ, ಜಾಮೀನು ಕಾಗದದ ಮೇಲೆ ಇದ್ದದ್ದರಿಂದ ಕೇಳುವವರಿಗೆ ಹಿಡಿಯಲು ಒಂದು ತುದಿ ಸಿಕ್ಕಿತು.

ಬರೆಯದೆ ಹೋದರೆ? ಚಿಕಾಗೋ ನಗರವಿರುವ ಕುಕ್ ಕೌಂಟಿಯಲ್ಲಿ, ಹೋಮನ್ ಸ್ಕ್ವೇರ್ ಎಂಬ ಪೊಲೀಸ್ ಕಟ್ಟಡದ ವಿಷಯವನ್ನು 2015ರಲ್ಲಿ ಗಾರ್ಡಿಯನ್ ಪತ್ರಿಕೆ ಹೊರಗೆಳೆಯಿತು. ಹಿಡಿದವರನ್ನು ಅಲ್ಲಿ ಬುಕಿಂಗ್ ಇಲ್ಲದೆಯೇ ಇಟ್ಟುಕೊಳ್ಳುತ್ತಿದ್ದರು, ವಕೀಲರು ಹುಡುಕಿದರೂ ಹೆಸರು ಸಿಗುತ್ತಿರಲಿಲ್ಲ ಎಂಬುದು ವರದಿ. ಸುಮಾರು ಹನ್ನೊಂದು ವರ್ಷಗಳಲ್ಲಿ 7,000ಕ್ಕೂ ಹೆಚ್ಚು ಜನ ಅದರೊಳಗೆ ಹೋಗಿಬಂದಿದ್ದರು. ಅವರಲ್ಲಿ ಬಹುಪಾಲು ಕಪ್ಪು ಜನರು. ತಪ್ಪೇನೂ ನಡೆದಿಲ್ಲವೆಂದು ಪೊಲೀಸರು ಹೇಳಿದರು. ಕಿರ್ದಿಗೆ ಹತ್ತದ ಸರಕು ಎಲ್ಲಿಗೆ ಹೋಯಿತೆಂದು ಯಾವ ಮುನೀಮನೂ ಹೇಳಲಾರ.

ಇನ್ನು ಆ ಅನಾಹುತ. ಅಮೆರಿಕದಲ್ಲಿ ಎಲ್ಲವೂ ವ್ಯಾಪಾರವಾಗುವಂತೆ ಈ ಕಿರ್ದಿಯೂ ವ್ಯಾಪಾರವಾಯಿತು. ಶೆರಿಫರು ಹಾಕಿದ ಫೋಟೊಗಳನ್ನು ಖಾಸಗಿ ಕಂಪನಿಗಳು ಬಾಚಿಕೊಂಡು ತಮ್ಮ ಜಾಲತಾಣಗಳಲ್ಲಿ ಹಾಕಿದವು. ತೆಗೆಯಬೇಕಾದರೆ ಹಣ ಕಟ್ಟು ಎಂದವು. ಆರೋಪ ಬಿದ್ದುಹೋಗಿರಲಿ, ನಿರ್ದೋಷಿಯೆಂದು ತೀರ್ಪಾಗಿರಲಿ, ಫೋಟೊ ಮಾತ್ರ ಅಲ್ಲೇ. ಕೆಲಸ ಕೇಳಲು ಹೋದಲ್ಲಿ ಮಾಲೀಕನ ಕಣ್ಣಿಗೆ ಅದೇ ಮೊದಲು ಬೀಳುತ್ತದೆ. 2018ರಲ್ಲಿ ಕ್ಯಾಲಿಫೋರ್ನಿಯ ಸರ್ಕಾರ ಅಂಥ ಒಂದು ತಾಣದ ನಾಲ್ವರ ಮೇಲೆ ಸುಲಿಗೆಯ ಮೊಕದ್ದಮೆ ಹೂಡಿತು. ಮೂರು ವರ್ಷಗಳಲ್ಲಿ ದೇಶದಾದ್ಯಂತ 20 ಲಕ್ಷ ಡಾಲರಿಗೂ ಮಿಕ್ಕಿ ಕಿತ್ತಿದ್ದಾರೆಂಬುದು ಆಪಾದನೆ. ಉಪ್ಪು ಬೆಲ್ಲ ಮಾರಿ ಬದುಕುವ ನಮ್ಮ ಪೇಟೆಯ ವರ್ತಕರು ಇದನ್ನು ವ್ಯಾಪಾರವೆಂದು ಕರೆದದ್ದಕ್ಕೆ ನಮ್ಮನ್ನು ಕ್ಷಮಿಸಬೇಕು. ಕ್ಯಾಲಿಫೋರ್ನಿಯ ಮುಂದೆ 2021ರಲ್ಲಿ, ಹಿಂಸೆಯಿಲ್ಲದ ಅಪರಾಧದ ಆರೋಪಿಗಳ ಫೋಟೊವನ್ನು ಪೊಲೀಸರು ಸಾಮಾಜಿಕ ಮಾಧ್ಯಮದಲ್ಲಿ ಹಾಕುವುದಕ್ಕೂ ಕಾನೂನಿನ ಕಡಿವಾಣ ಹಾಕಿತು.

ಹೀಗೆ ಮಾನ ಹೋಗುವುದು ಯಾರದು? 2022ರ ನಡುವರ್ಷದ ಸರ್ಕಾರಿ ಲೆಕ್ಕದಂತೆ ಅಲ್ಲಿಯ ಸ್ಥಳೀಯ ಜೈಲುಗಳಲ್ಲಿ 6,63,100 ಜನರಿದ್ದರು. ಅವರಲ್ಲಿ ನೂರಕ್ಕೆ ಎಪ್ಪತ್ತು ಜನರ ಮೇಲೆ ತಪ್ಪು ಸಾಬೀತಾಗಿರಲಿಲ್ಲ. ಜಾಮೀನಿನ ಹಣ ಇದ್ದವನು ಸಂಜೆಗೆ ಮನೆಗೆ ಹೋಗುತ್ತಾನೆ, ಇಲ್ಲದವನು ಪಟ್ಟಿಯಲ್ಲಿ ಉಳಿಯುತ್ತಾನೆ. ನಮ್ಮ ದೇಶವೂ ಇದರಲ್ಲಿ ಹಿಂದೆ ಬಿದ್ದಿಲ್ಲ. ಅದೇ 2022ರ ಕೊನೆಗೆ ನಮ್ಮ ಸೆರೆಮನೆಗಳಲ್ಲಿದ್ದ 5,73,220 ಜನರಲ್ಲಿ 4,34,302 ಮಂದಿ ವಿಚಾರಣಾಧೀನರು.

ಆದ್ದರಿಂದ ನಮ್ಮ ಅಭಿಪ್ರಾಯ ಹೀಗಿದೆ. ಹಿಡಿದವನ ಹೆಸರು, ಇಟ್ಟ ಜಾಗ, ಆರೋಪ, ಹಿಡಿದ ಅಧಿಕಾರಿಯ ಹೆಸರು, ಇವು ಬಹಿರಂಗವಾಗಿರಬೇಕು. ಇವು ಅಧಿಕಾರದ ಮೇಲಿನ ಕಾವಲು. ಮುಖದ ಫೋಟೊ ಬೇರೆ ವಿಷಯ. ಅದರಿಂದ ಬಂದಿಯ ರಕ್ಷಣೆಗೆ ಏನೂ ಸೇರುವುದಿಲ್ಲ, ನೋಡುವವರ ಕುತೂಹಲಕ್ಕೆ ಮಾತ್ರ ಮೇವು. ಆರೋಪಿಗಳನ್ನು ಠಾಣೆಯ ಮುಂದೆ ಸಾಲಾಗಿ ನಿಲ್ಲಿಸಿ, ಹಿಂದೆ ಪೊಲೀಸರು ನಿಂತು ಫೋಟೊ ಹಿಡಿಸಿಕೊಳ್ಳುವ ನಮ್ಮ ಕಡೆಯ ಚಾಳಿಯನ್ನೂ ಇದೇ ಸಾಲಿಗೆ ಸೇರಿಸುತ್ತೇವೆ.

ಬರೆಯದ ದಸ್ತಗಿರಿ ಏನು ಮಾಡಬಲ್ಲದೆಂಬುದನ್ನು ಈ ದೇಶ ತುರ್ತು ಪರಿಸ್ಥಿತಿಯಲ್ಲಿ ಕಂಡಿತು. 1976ರ ಮಾರ್ಚ್ 1ರಂದು ಕಲ್ಲಿಕೋಟೆಯ ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿ ರಾಜನನ್ನು ಪೊಲೀಸರು ಎಳೆದೊಯ್ದರು. ತಂದೆ ಈಚರ ವಾರಿಯರ್ ಅಧಿಕಾರಿಗಳ, ಮಂತ್ರಿಗಳ ಬಾಗಿಲು ಅಲೆದರು. 1977ರಲ್ಲಿ ಹೈಕೋರ್ಟಿನ ಮುಂದೆಯೂ ಸರ್ಕಾರದ ಕಡೆಯವರು ಅವನನ್ನು ಹಿಡಿದೇ ಇಲ್ಲವೆಂದರು. ಹಿಡಿದದ್ದು ನಿಜವೆಂದು ನ್ಯಾಯಾಲಯ ಕಂಡುಕೊಂಡಿತು, ಮುಖ್ಯಮಂತ್ರಿ ಕರುಣಾಕರನ್ ರಾಜೀನಾಮೆ ಕೊಟ್ಟರು. ಹುಡುಗನ ಹೆಣವೂ ತಂದೆಗೆ ಸಿಗಲಿಲ್ಲ. ನಮ್ಮ ಬೆಂಗಳೂರಿನಲ್ಲೇ 1976ರ ಮೇ 1ರಂದು, ಭೂಗತರಾಗಿದ್ದ ಜಾರ್ಜ್ ಫರ್ನಾಂಡಿಸರ ತಮ್ಮ ಲಾರೆನ್ಸರನ್ನು ಮನೆಯಿಂದ ಕರೆದೊಯ್ದು, ದಾಖಲೆಯಿಲ್ಲದೆ ದಿನಗಟ್ಟಲೆ ಇಟ್ಟುಕೊಂಡು ಹಿಂಸಿಸಿದರು. ಅದಕ್ಕೆ ಮೂರು ದಿನ ಹಿಂದೆ, ಏಪ್ರಿಲ್ 28ರಂದು, ಬಂದಿಯನ್ನು ಹಾಜರುಪಡಿಸೆಂದು ಕೇಳುವ ಹಕ್ಕೂ ಆ ಕಾಲದಲ್ಲಿ ಇಲ್ಲವೆಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತ್ತು.

ಈಗ ನಮ್ಮಲ್ಲೂ ಕಾನೂನು ಇದೆ. ಡಿ. ಕೆ. ಬಸು ಮೊಕದ್ದಮೆಯಲ್ಲಿ 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹನ್ನೊಂದು ನಿರ್ದೇಶಗಳನ್ನು ಕೊಟ್ಟಿತು: ದಸ್ತಗಿರಿಯ ಮೆಮೋ ಬರೆದು ಸಾಕ್ಷಿಯ ರುಜು ಹಾಕಿಸಬೇಕು, ಬಂಧುವಿಗೋ ಸ್ನೇಹಿತನಿಗೋ ತಿಳಿಸಬೇಕು, ಹನ್ನೆರಡು ಗಂಟೆಯೊಳಗೆ ಜಿಲ್ಲಾ ಕಂಟ್ರೋಲ್ ರೂಮಿಗೆ ಸುದ್ದಿ ಕೊಟ್ಟು ಫಲಕದ ಮೇಲೆ ಹಾಕಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 37ನೆಯ ಕಲಮು ಇನ್ನೂ ಮುಂದೆ ಹೋಗುತ್ತದೆ. ಪ್ರತಿ ಜಿಲ್ಲೆಯಲ್ಲೂ ಪ್ರತಿ ಠಾಣೆಯಲ್ಲೂ, ಅಸಿಸ್ಟೆಂಟ್ ಸಬ್ ಇನ್ಸ್‌ಪೆಕ್ಟರಿಗೆ ಕಡಿಮೆಯಲ್ಲದ ಒಬ್ಬ ಅಧಿಕಾರಿ, ಹಿಡಿದವರ ಹೆಸರು, ವಿಳಾಸ, ಆರೋಪದ ಸ್ವರೂಪ ಇಟ್ಟುಕೊಂಡಿರಬೇಕು. ಅದನ್ನು ಠಾಣೆಯಲ್ಲೂ ಜಿಲ್ಲಾ ಕೇಂದ್ರದಲ್ಲೂ ಎದ್ದು ಕಾಣುವಂತೆ ಪ್ರಕಟಿಸಬೇಕು. ಫೋಟೊದ ಮಾತು ಆ ಕಲಮಿನಲ್ಲಿ ಇಲ್ಲ, ಅದು ಒಳ್ಳೆಯದೇ.

ಆದ್ದರಿಂದ ಯಾರನ್ನಾದರೂ ಒಯ್ದರೆಂದು ತಿಳಿದೊಡನೆ ಠಾಣೆಗೆ ಒಬ್ಬರೇ ಹೋಗಬೇಡಿ, ಇಬ್ಬರು ಹೋಗಿ. ಸಾಹೇಬರನ್ನು ಕೇಳುವ ಬದಲು, 37ನೆಯ ಕಲಮಿನ ಅಧಿಕಾರಿ ಯಾರು, ಫಲಕ ಎಲ್ಲಿ ಎಂದು ಕೇಳಿ. ಅಲ್ಲಿ ಸಿಗದಿದ್ದರೆ ಜಿಲ್ಲಾ ಕಂಟ್ರೋಲ್ ರೂಮಿಗೆ ಕೇಳಿ, ಕೇಳಿದ ವೇಳೆಯನ್ನು ಬರೆದಿಟ್ಟುಕೊಳ್ಳಿ. ಸಂವಿಧಾನದ 22ನೆಯ ವಿಧಿಯಂತೆ ಪ್ರಯಾಣದ ವೇಳೆ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ತರಲೇಬೇಕು. 2005ರ ಮಾಹಿತಿ ಹಕ್ಕಿನ ಕಾನೂನಿನಲ್ಲಿ ಜೀವ ಮತ್ತು ಸ್ವಾತಂತ್ರ್ಯಕ್ಕೆ ಸಂಬಂಧಿಸಿದ ಅರ್ಜಿಗೆ 30 ದಿನದ ಗಡುವು ಅನ್ವಯಿಸುವುದಿಲ್ಲ. 48 ಗಂಟೆಯೊಳಗೆ ಉತ್ತರ ಕೊಡಬೇಕು. ಅರ್ಜಿಯ ತಲೆಯ ಮೇಲೆ ಆ ಮಾತನ್ನು ದಪ್ಪಕ್ಷರದಲ್ಲಿ ಬರೆಯಿರಿ.

ನಮ್ಮ ಜಿಲ್ಲೆಯ ಠಾಣೆಗಳಲ್ಲಿ ಈ ಫಲಕಗಳು ಇವೆಯೇ, ಇದ್ದರೆ ಕೊನೆಯ ಬಾರಿ ಬರೆದ ತಾರೀಖು ಯಾವುದು ಎಂಬುದನ್ನು ಈ ವಾರ ನಮ್ಮ ಕಾರ್ಯಕರ್ತರು ಹೋಗಿ ನೋಡುತ್ತಾರೆ. ತಾವೇ ನೋಡಿ ಬಂದ ಓದುಗರು ಠಾಣೆಯ ಹೆಸರು ಮತ್ತು ತಾರೀಖನ್ನು ಕಾರ್ಡಿನಲ್ಲಿ ಬರೆದು ಕಚೇರಿಗೆ ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕುತ್ತೇವೆ.