ನೀಲಿಯ ಮೂಲ ಜಲಪಾತದಲ್ಲಿಲ್ಲ, ಮೇಲಿದೆ

ಕೋಸ್ಟರಿಕಾದ ಪ್ರವಾಸಿ ಚಿತ್ರಗಳಲ್ಲಿ ರಿಯೋ ಸೆಲೆಸ್ಟೆ ಜಲಪಾತ ತಪ್ಪದೆ ಇರುತ್ತದೆ. ತೆನೋರಿಯೋ ಜ್ವಾಲಾಮುಖಿ ರಾಷ್ಟ್ರೀಯ ಉದ್ಯಾನದ ಮಳೆಕಾಡಿನಲ್ಲಿ ಸುಮಾರು 30 ಮೀಟರ್ ಎತ್ತರದಿಂದ ಧುಮುಕುವ ಈ ನೀರಿನ ತಿಳಿನೀಲಿ ಬಣ್ಣವನ್ನು ಮೊಬೈಲ್‌ನಲ್ಲಿ ಕಂಡವರು ಫಿಲ್ಟರ್ ಹಾಕಿದ್ದಾರೆಂದೇ ತಿಳಿಯುತ್ತಾರೆ. ಅಲ್ಲಿಗೆ ಹೋದಮೇಲೆ ಅನುಮಾನ ಹೋಗುತ್ತದೆ. ಬಣ್ಣ ನಿಜಕ್ಕೂ ಹಾಗೇ ಇದೆ.

ಲಿಬೇರಿಯಾ ನಗರದಿಂದಾಗಲಿ, ಲಾ ಫೋರ್ತುನಾದಿಂದಾಗಲಿ ಕಾರಿನಲ್ಲಿ ಸುಮಾರು ಒಂದೂವರೆ ತಾಸಿನ ದಾರಿ. ಹಾಗಾಗಿ ಬೆಳಿಗ್ಗೆ ಹೋಗಿ ಸಂಜೆ ಮರಳುವವರೇ ಹೆಚ್ಚು. ಅವಸರದ ಪ್ರವಾಸಿ ಮಾಡುವುದಿಷ್ಟೇ: ಕಾಡುದಾರಿಯಲ್ಲಿ ನಡೆದು, ಸುಮಾರು 250 ಮೆಟ್ಟಿಲು ಇಳಿದು, ಜಲಪಾತದ ಎದುರು ಸೆಲ್ಫಿ ತೆಗೆದುಕೊಂಡು, ಏದುಸಿರು ಬಿಡುತ್ತಾ ಮೇಲೆ ಹತ್ತಿ ವಾಪಸು ಹೊರಡುವುದು. ಅಷ್ಟು ದೂರ ಹೋಗಿ ಅರ್ಧ ನೋಡಿ ಬಂದಂತಾಯಿತು. ಈ ಉದ್ಯಾನದ ನಿಜವಾದ ವಿಸ್ಮಯ ಇರುವುದು ಅದೇ ದಾರಿಯ ತುದಿಯಲ್ಲಿ, ತೆನ್ಯಿದೇರೋಸ್ ಎಂಬಲ್ಲಿ.

ಅಲ್ಲಿ ಎರಡು ತೊರೆಗಳು ಕೂಡುತ್ತವೆ. ಒಂದು ಬ್ವೆನಾವಿಸ್ತಾ, ಇನ್ನೊಂದು ಕೆಬ್ರಾದಾ ಆಗ್ರಿಯಾ, ಅಂದರೆ ಹುಳಿ ಹಳ್ಳ. ಎರಡರಲ್ಲೂ ಹರಿಯುವುದು ಬಣ್ಣವಿಲ್ಲದ ನೀರು. ಆದರೆ ಸಂಗಮದಿಂದ ಮುಂದಕ್ಕೆ ಹೊಳೆ ಒಮ್ಮೆಲೇ ನೀಲಿ! ಬಣ್ಣವಿಲ್ಲದ್ದಕ್ಕೂ ನೀಲಿಗೂ ನಡುವಿನ ಗೆರೆಯನ್ನು ದಂಡೆಯಲ್ಲಿ ನಿಂತವರು ಬೆರಳಿಟ್ಟು ತೋರಿಸಬಹುದು.

ಆಕಾಶಕ್ಕೆ ಬಣ್ಣ ಬಳಿದ ದೇವರು ತನ್ನ ಕುಂಚಗಳನ್ನು ತೊಳೆದದ್ದು ಈ ಹೊಳೆಯಲ್ಲೇ ಎಂಬುದು ಸ್ಥಳೀಯರ ಕತೆ. ನೀರಿನಲ್ಲಿ ಯಾವುದೋ ಬಣ್ಣದ ರಾಸಾಯನಿಕ ಕರಗಿದೆ ಎಂಬ ವಿವರಣೆಯೂ ಇತ್ತು. ಕೋಸ್ಟರಿಕಾದ ವಿಜ್ಞಾನಿಗಳು ನೀರನ್ನು ಪರೀಕ್ಷಿಸಿ, 2013ರಲ್ಲಿ ‘ಪ್ಲಾಸ್ ಒನ್’ ನಿಯತಕಾಲಿಕದಲ್ಲಿ ಉತ್ತರ ಪ್ರಕಟಿಸಿದರು. ಬಣ್ಣ ಕೊಡುವ ರಾಸಾಯನಿಕ ಯಾವುದೂ ಅದರಲ್ಲಿ ಇರಲಿಲ್ಲ. ಇದ್ದದ್ದು ಅಲ್ಯೂಮಿನಿಯಂ ಮತ್ತು ಸಿಲಿಕಾನ್ ಇರುವ ಅತಿಸೂಕ್ಷ್ಮ ಖನಿಜ ಕಣಗಳು. ಬ್ವೆನಾವಿಸ್ತಾದಲ್ಲಿ ಈ ಕಣಗಳು ತೀರಾ ಸಣ್ಣವು. ಜ್ವಾಲಾಮುಖಿಯಿಂದಾಗಿ ಆಮ್ಲೀಯವಾದ ಹುಳಿ ಹಳ್ಳದ ನೀರು ಬೆರೆತೊಡನೆ, ಹಾಲಿಗೆ ಹುಳಿ ಹಿಂಡಿದಾಗ ಆಗುವ ಹಾಗೆ, ಅವು ಒಂದಕ್ಕೊಂದು ಅಂಟಿಕೊಂಡು ದಪ್ಪವಾಗುತ್ತವೆ. ಹಾಗೆ ಬೆಳೆದ ಕಣದ ಗಾತ್ರ ಸುಮಾರು 566 ನ್ಯಾನೋಮೀಟರ್. ಈ ಗಾತ್ರದ ಕಣಗಳು ಬೆಳಕನ್ನು ಚದುರಿಸುವ ರೀತಿಯಿಂದಾಗಿ ಹೊಳೆ ನೀಲಿಯಾಗಿ ಕಾಣುತ್ತದೆ. ಹೊಳೆಯ ಕಲ್ಲುಗಳ ಮೇಲಿನ ಬಿಳಿ ಲೇಪ ಈ ಖನಿಜದ್ದೇ.

ನೀರಿನ ನೀಲಿಯನ್ನು ಬೆಳಕಿನ ಚದುರುವಿಕೆಯಿಂದ ವಿವರಿಸುವ ವಿದ್ಯೆ ಕನ್ನಡಿಗರಿಗೆ ಹೊಸದಲ್ಲ. ಮುಂದೆ ಬೆಂಗಳೂರನ್ನೇ ಕಾರ್ಯಕ್ಷೇತ್ರ ಮಾಡಿಕೊಂಡ ಸಿ.ವಿ. ರಾಮನ್, 1921ರ ಹಡಗಿನ ಪ್ರಯಾಣದಲ್ಲಿ ಮೆಡಿಟರೇನಿಯನ್ ಸಮುದ್ರದ ನೀಲಿಯನ್ನು ಕಂಡು, ಅದು ಆಕಾಶದ ಪ್ರತಿಬಿಂಬ ಮಾತ್ರವೆಂಬ ಅಂದಿನ ನಂಬಿಕೆಯನ್ನು ಪ್ರಶ್ನಿಸಿದ್ದರು. ಅಲ್ಲಿ ಬೆಳಕನ್ನು ಚದುರಿಸಿದ್ದು ನೀರಿನ ಅಣುಗಳು, ಇಲ್ಲಿ ಖನಿಜದ ಕಣಗಳು.

ಇಷ್ಟು ತಿಳಿದರೆ ಉದ್ಯಾನದ ಕಟ್ಟುನಿಟ್ಟೂ ಅರ್ಥವಾಗುತ್ತದೆ. ಇಲ್ಲಿ ನೀರಿಗಿಳಿಯುವಂತಿಲ್ಲ. ಜಲಪಾತವೆಂದರೆ ತಲೆಯೊಡ್ಡಿ ನೆನೆಯಲೇಬೇಕು ಎನ್ನುವವರಿಗೆ ಇದು ಬೇಸರ ತರಬಹುದು, ಆದರೂ ನಿಯಮ ಸರಿಯಾಗಿಯೇ ಇದೆ. ದಾರಿಯಲ್ಲಿ ಬೊರ್ಬೊಯೋನೆಸ್ ಎಂಬಲ್ಲಿ ಭೂಗರ್ಭದ ಅನಿಲ ಹೊಳೆಯೊಳಗಿಂದ ಗುಳುಗುಳು ಉಕ್ಕುತ್ತದೆ; ಗಂಧಕದ ವಾಸನೆ ಮೂಗಿಗೆ ಬಡಿಯುತ್ತದೆ. ಪರ್ವತ ಒಳಗೊಳಗೇ ಇನ್ನೂ ಬಿಸಿಯಾಗಿದೆ. ನೂರಾರು ಜನ ದಿನವೂ ಕಾಲಿಟ್ಟು ಕದಡಿದರೆ ಬಣ್ಣವೂ ಉಳಿಯದು, ದಂಡೆಯೂ ಉಳಿಯದು. ಈಜಲೇಬೇಕೆಂಬವರಿಗೆ ಉದ್ಯಾನದ ಹೊರಗೆ, ಕೆಳಹರಿವಿನಲ್ಲಿ ಅದೇ ಹೊಳೆ ಸಿಗುತ್ತದೆ.

ಕಾಡನ್ನು ಹೀಗೆ ಕಾಯುವುದರ ಹಿಂದೆ ಒಂದು ದೇಶದ ನಿರ್ಧಾರವೂ ಇದೆ. ದನಗಳ ಮೇವಿಗಾಗಿ ಕಾಡು ಕಡಿಯುತ್ತಾ ಹೋದ ಕೋಸ್ಟರಿಕಾದಲ್ಲಿ 1980ರ ದಶಕದ ಹೊತ್ತಿಗೆ ಅರಣ್ಯ ಕಾಲು ಭಾಗದ ಆಸುಪಾಸಿಗೆ ಕುಸಿದಿತ್ತು. 1996ರ ಅರಣ್ಯ ಕಾನೂನು ಮರ ಉಳಿಸಿಕೊಂಡ ಜಮೀನುದಾರರಿಗೆ ಹಣ ಕೊಡುವ ವ್ಯವಸ್ಥೆ ತಂದಿತು. ಇಂಧನ ತೆರಿಗೆಯ ಒಂದು ಪಾಲು ಅದಕ್ಕೆ ಹೋಗುತ್ತದೆ. ಇಂದು ದೇಶದ ಅರ್ಧಕ್ಕೂ ಹೆಚ್ಚು ನೆಲ ಕಾಡು. ಉದ್ಯಾನದ ಹತ್ತಿರದ ಬಿಹಾಗ್ವಾ ಊರಿನ ವಸತಿಗೃಹಗಳು, ಮಾರ್ಗದರ್ಶಕರು, ಕೆಸರುದಾರಿಗೆ ಗಮ್‌ಬೂಟು ಬಾಡಿಗೆ ಕೊಡುವವರು, ಎಲ್ಲರ ಸಂಪಾದನೆಯೂ ಈ ಕಾಡನ್ನೇ ನೆಚ್ಚಿದೆ. ಪ್ರವೇಶ ಶುಲ್ಕ ದೇಶವಾಸಿಗಳಿಗಿಂತ ವಿದೇಶಿಯರಿಗೆ ಹೆಚ್ಚು ಎಂದು ಗೊಣಗುವವರು ಈ ಲೆಕ್ಕವನ್ನೂ ನೋಡಬೇಕು.

ನೀಲಿ ಕಂಡೇ ಕಾಣುತ್ತದೆಂಬ ಖಾತರಿ ಮಾತ್ರ ಯಾರೂ ಕೊಡಲಾರರು. ಜೋರು ಮಳೆ ಬಂದರೆ ಕೊಚ್ಚಿಬಂದ ಮಣ್ಣಿನಿಂದ ಹೊಳೆ ಕಂದಾಗುತ್ತದೆ. ಮೇ ತಿಂಗಳಿಂದ ನವೆಂಬರ್‌ವರೆಗೆ ಈ ಸಾಧ್ಯತೆ ಹೆಚ್ಚು. ಹಣ ತೆತ್ತಿದ್ದಕ್ಕೆ ಬಣ್ಣ ಸಿಗಲೇಬೇಕೆಂದು ಅಲ್ಲಿನ ಸಿಬ್ಬಂದಿಯೊಡನೆ ಜಗಳಕ್ಕೆ ನಿಂತರೆ ಪ್ರಯೋಜನವಿಲ್ಲ. ಹೊರಡುವ ಮುನ್ನ ಹಿಂದಿನ ದಿನದ ಮಳೆ ವಿಚಾರಿಸಿಕೊಳ್ಳುವುದು ಜಾಣತನ.

ಹೋಗಿಬರುವ ದಾರಿ ಒಟ್ಟು ಆರು ಕಿಲೋಮೀಟರ್ ಆಸುಪಾಸು. ಟಿಕೆಟ್ ಮುಂಗಡವಾಗಿ ಆನ್‌ಲೈನ್‌ನಲ್ಲಿ ಕಾಯ್ದಿರಿಸಿ, ಬೆಳಿಗ್ಗೆ ಗೇಟು ತೆರೆಯುವ ಹೊತ್ತಿಗೇ ಹೊರಟರೆ ಜಲಪಾತ, ನೀಲಿ ಮಡು, ತೂಗುಸೇತುವೆಗಳು, ಸಂಗಮ ಎಲ್ಲವನ್ನೂ ನಿಧಾನವಾಗಿ ನೋಡಿ ಬರಬಹುದು. ಹೊತ್ತು ಸಾಲದೆಂದು ಅನ್ನಿಸಿದರೆ ಜಲಪಾತದ ಮೆಟ್ಟಿಲುಗಳನ್ನು ಬಿಟ್ಟರೂ ಅಡ್ಡಿಯಿಲ್ಲ. ತೆನ್ಯಿದೇರೋಸ್‌ನ ಸಂಗಮವನ್ನು ಮಾತ್ರ ಬಿಡಬೇಡಿ.